ಶಿಕ್ಷಣ ಮತ್ತು ಸಮುದಾಯ ರಂಗಭೂಮಿ: ವಿದೇಶದಲ್ಲಿ ಉನ್ನತ ವ್ಯಾಸಂಗ



ಪದವಿ ಮುಗಿದ ಮೇಲೆ ನಾಟಕ ಓದಲು ವಿದೇಶಕ್ಕೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ನೋಡಿ. "ಬಣ್ಣ ಹಚ್ಚಿಕೊಳ್ಳಲು ಅಷ್ಟು ದೂರ ಹೋಗಬೇಕೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ಸಹಜವಾದದ್ದೇ. ಆದರೆ ಶಿಕ್ಷಣ ರಂಗಭೂಮಿ, ಸಮುದಾಯ ರಂಗಭೂಮಿ ಎಂಬ ಸ್ನಾತಕೋತ್ತರ ಕೋರ್ಸುಗಳ ಮುಖ್ಯ ಉದ್ದೇಶ ವೃತ್ತಿನಟರನ್ನು ತಯಾರು ಮಾಡುವುದಲ್ಲ. ಶಾಲೆ, ಆಸ್ಪತ್ರೆ, ಸೆರೆಮನೆ, ವೃದ್ಧಾಶ್ರಮಗಳಲ್ಲಿ ನಾಟಕವನ್ನು ಕಲಿಕೆಯ ಸಾಧನವಾಗಿ ಬಳಸಬಲ್ಲವರನ್ನು ಅವು ರೂಪಿಸುತ್ತವೆ.

ಈ ಶಾಸ್ತ್ರ ಹುಟ್ಟಿದ್ದು ಹೇಗೆ? ಇಂಗ್ಲೆಂಡಿನ ಕೊವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರವು 1965ರಲ್ಲಿ ಒಂದು ತಂಡವನ್ನು ಶಾಲೆಗಳಿಗೆ ಕಳಿಸಿತು. ತಂಡದವರು ನಟರೂ ಹೌದು, ಶಿಕ್ಷಕರೂ ಹೌದು. ಆಟ ತೋರಿಸಿ ಹಿಂದಿರುಗುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಮಕ್ಕಳನ್ನೂ ಕಥೆಯೊಳಗೆ ಸೇರಿಸಿಕೊಂಡು, ಪಾತ್ರಗಳೊಡನೆ ವಾದಿಸುವ, ತೀರ್ಮಾನ ತೆಗೆದುಕೊಳ್ಳುವ ಅವಕಾಶ ಕೊಟ್ಟರು. ಇದೇ 'ಥಿಯೇಟರ್ ಇನ್ ಎಜುಕೇಷನ್' ಎಂದು ಪ್ರಸಿದ್ಧವಾಯಿತು.

ಅದೇ ದೇಶದ ಡೊರೊಥಿ ಹೀತ್‌ಕೋಟ್ (1926–2011) ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಉಣ್ಣೆಯ ಗಿರಣಿಯಲ್ಲಿ ದುಡಿದವರು. ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೇ ಪಾಠ ಹೇಳಿದರು. ಅವರ ವಿಧಾನದಲ್ಲಿ ಮಕ್ಕಳು ತಜ್ಞರ ಪಾತ್ರ ವಹಿಸುತ್ತಾರೆ. ಉದಾಹರಣೆಗೆ, ತರಗತಿಯೇ ಒಂದು ಇಂಜಿನಿಯರುಗಳ ತಂಡ. ಊರಿಗೆ ಸೇತುವೆ ಬೇಕೆಂದು ಪತ್ರ ಬಂದಿದೆ. ಈಗ ಅಳತೆ, ಭಾರ, ಖರ್ಚು, ಪತ್ರವ್ಯವಹಾರ ಎಲ್ಲವನ್ನೂ ಮಕ್ಕಳೇ ನಿಭಾಯಿಸಬೇಕು. ಗಣಿತ ಇಲ್ಲಿ ಪರೀಕ್ಷೆಗಾಗಿ ಅಲ್ಲ, ಸೇತುವೆಗಾಗಿ ಬೇಕಾಗುತ್ತದೆ. ವಿಜ್ಞಾನ ಓದಿದ ನನಗೆ ಇದು ಪ್ರಯೋಗಶಾಲೆಯ ಸೋದರನಂತೆ ಕಾಣುತ್ತದೆ.

ಮೂರನೆಯ ಹೆಸರು ಬ್ರೆಜಿಲ್ ದೇಶದ ಅಗಸ್ಟೊ ಬೋಲ್ (1931–2009). ಅವರು ತಮ್ಮ ಪುಸ್ತಕವೊಂದರಲ್ಲಿ ಒಂದು ಘಟನೆ ಹೇಳಿದ್ದಾರೆ. ಅವರ ತಂಡ ಬಡ ರೈತರ ಮುಂದೆ ಆವೇಶದ ನಾಟಕವಾಡಿತು: ಭೂಮಿಗಾಗಿ ರಕ್ತ ಚೆಲ್ಲೋಣ ಎಂಬುದು ಅದರ ಕರೆ. ಆಟ ಮುಗಿದ ಮೇಲೆ ಒಬ್ಬ ರೈತ ಬಂದು, ನಿಮ್ಮ ಬಂದೂಕುಗಳನ್ನು ತನ್ನಿ, ಈಗಲೇ ಹೋಗೋಣ ಎಂದ. ಅವು ರಂಗಪರಿಕರಗಳು, ನಿಜವಾದ ಬಂದೂಕುಗಳಲ್ಲ ಎಂದು ನಟರು ಹೇಳಬೇಕಾಯಿತು. ಹಾಗಾದರೆ ನೀವಾದರೂ ಬನ್ನಿ, ಬಂದೂಕು ನಮ್ಮಲ್ಲಿವೆ ಎಂದ ರೈತ. ತಾವು ಎದುರಿಸಲು ಸಿದ್ಧವಿಲ್ಲದ ಅಪಾಯಕ್ಕೆ ಇತರರನ್ನು ಕರೆಯಬಾರದು ಎಂಬುದು ಬೋಲ್ ಅವರಿಗೆ ಮನವರಿಕೆಯಾಯಿತು.

1971ರಲ್ಲಿ ಅವರು ಸೆರೆವಾಸ ಅನುಭವಿಸಿ ದೇಶ ಬಿಡಬೇಕಾಯಿತು. 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡಿದರು. ಅಲ್ಲಿ ಒಬ್ಬ ಮಹಿಳೆ, ನಟರು ತನ್ನ ಸಲಹೆಯನ್ನು ಸರಿಯಾಗಿ ಆಡುತ್ತಿಲ್ಲವೆಂದು ತಾನೇ ರಂಗಕ್ಕೆ ಬಂದಳಂತೆ. ಹೀಗೆ ರೂಪುಗೊಂಡದ್ದೇ 'ಫೋರಂ ಥಿಯೇಟರ್'. ಇದರಲ್ಲಿ ಒಂದು ಅನ್ಯಾಯದ ಪ್ರಸಂಗವನ್ನು ಒಮ್ಮೆ ಪೂರ್ತಿಯಾಗಿ ಆಡುತ್ತಾರೆ. ಎರಡನೆಯ ಸಲ ಆಡುವಾಗ ಪ್ರೇಕ್ಷಕರು "ನಿಲ್ಲಿಸಿ" ಎಂದು ಕೂಗಿ, ಪಾತ್ರದ ಜಾಗಕ್ಕೆ ಬಂದು ತಮ್ಮ ಪರಿಹಾರವನ್ನು ಆಡಿ ತೋರಿಸಬಹುದು.

ಈಗ ವಿಶ್ವವಿದ್ಯಾನಿಲಯಗಳ ವಿಷಯಕ್ಕೆ ಬರೋಣ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣ ರಂಗಭೂಮಿ ವಿಭಾಗ 1966ರಲ್ಲೇ ಆರಂಭವಾಯಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ನಾಟಕ ವಿಭಾಗದಲ್ಲಿ 1992ರಲ್ಲಿ ಸೆರೆಮನೆ ರಂಗಭೂಮಿಯ ಕೇಂದ್ರವೊಂದು ಹುಟ್ಟಿತು. ಲಂಡನ್ನಿನ ರಾಯಲ್ ಸೆಂಟ್ರಲ್ ಸ್ಕೂಲ್ ಕೂಡ ಈ ಕ್ಷೇತ್ರದಲ್ಲಿ ಹೆಸರಾದುದು. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಸಾಮಾನ್ಯವಾಗಿ ಒಂದು ವರ್ಷ, ಅಮೆರಿಕದಲ್ಲಿ ಸುಮಾರು ಎರಡು ವರ್ಷ. ಅಲ್ಲಿ ತರಗತಿಯ ಪಾಠದ ಜೊತೆಗೆ ಶಾಲೆಯಲ್ಲೋ ಸಂಘಸಂಸ್ಥೆಯಲ್ಲೋ ಕ್ಷೇತ್ರಕಾರ್ಯ ಇರುತ್ತದೆ, ಕೊನೆಗೆ ಪ್ರಬಂಧ. ಕೈದಿಗಳ ಕಥೆಯನ್ನು ರಂಗಕ್ಕೆ ತರಲು ಅವರ ಒಪ್ಪಿಗೆ ಇದೆಯೇ? ಮಗು ತನ್ನ ನೋವನ್ನು ಹೇಳಿಕೊಂಡರೆ ಮುಂದೇನು ಮಾಡುವಿರಿ? ನೀವು ಊರಿಗೆ ಮರಳಿದ ಮೇಲೆ ಆ ಜನರಿಗೆ ಉಳಿಯುವುದೇನು? ಇಂಥ ಪ್ರಶ್ನೆಗಳಿಗೆ ನೀವು ಉತ್ತರ ಹುಡುಕಬೇಕಾಗುತ್ತದೆ. ಆ ರೈತನ ಪ್ರಶ್ನೆಯೇ ಇಲ್ಲಿ ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತದೆ.

ಖರ್ಚಿನ ಮಾತನ್ನು ಮರೆಯುವಂತಿಲ್ಲ. ಶುಲ್ಕ, ವಸತಿ, ವೀಸಾ ಸೇರಿದರೆ ಮಧ್ಯಮ ವರ್ಗದ ಮನೆಗೆ ಅದು ದೊಡ್ಡ ಹೊರೆ. ಈ ಕೆಲಸದ ಸಂಬಳವೋ ಅಷ್ಟು ದೊಡ್ಡದಲ್ಲ. ಆದ್ದರಿಂದ ಸಾಲ ಮಾಡುವ ಮೊದಲು ವಿದ್ಯಾರ್ಥಿವೇತನ ಹುಡುಕಿ. ಬ್ರಿಟನ್ನಿನ ಚೀವನಿಂಗ್ ವೇತನಕ್ಕೆ ಎರಡು ವರ್ಷಗಳ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತೂ ಇದೆ. ಕಾಮನ್‌ವೆಲ್ತ್ ಮತ್ತು ಫುಲ್‌ಬ್ರೈಟ್–ನೆಹರು ವೇತನಗಳಿಗೆ ನಿಮ್ಮ ವಿಷಯ ಆ ವರ್ಷದ ಪ್ರಕಟಣೆಯಲ್ಲಿ ಸೇರಿದೆಯೇ ಎಂದು ಮೊದಲು ಪರಿಶೀಲಿಸಿ.

ಅರ್ಜಿಯಲ್ಲಿ ಅಂಕಪಟ್ಟಿಯಷ್ಟೇ ನೀವು ಮಾಡಿದ ಕೆಲಸವೂ ಮುಖ್ಯ. ಅದನ್ನು ಗಳಿಸಲು ವಿಮಾನ ಹತ್ತಬೇಕಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ, 1975ರಲ್ಲಿ ಆರಂಭವಾಗಿ ಬೀದಿನಾಟಕವನ್ನು ಹಳ್ಳಿಹಳ್ಳಿಗೆ ಒಯ್ದ 'ಸಮುದಾಯ', ಮೈಸೂರಿನ ಸೆರೆಮನೆಯಲ್ಲಿ ಕೈದಿಗಳೇ ಆಡಿದ ನಾಟಕಗಳು, ಇವೆಲ್ಲ ನಮ್ಮಲ್ಲೇ ಇರುವ ಪಾಠಗಳು. ಪಕ್ಕದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ವಾರಕ್ಕೊಂದು ಗಂಟೆಯಂತೆ ಒಂದು ವರ್ಷ ಮಕ್ಕಳೊಡನೆ ಕೆಲಸ ಮಾಡಿ. ಏನು ನಡೆಯಿತು, ಏನು ನಡೆಯಲಿಲ್ಲ ಎಂದು ದಿನಚರಿ ಬರೆದಿಡಿ. ವರ್ಷ ಮುಗಿದ ಮೇಲೂ ಆ ಮಕ್ಕಳ ಬಳಿ ಮತ್ತೆ ಹೋಗಬೇಕೆನಿಸಿದರೆ, ಆಗ ಅರ್ಜಿ ತುಂಬಿ. ಮನೆಯವರ ಪ್ರಶ್ನೆಗೆ ಆ ದಿನಚರಿಯೇ ಉತ್ತರ ಹೇಳುತ್ತದೆ.