ಯುವಕ ಮಂಡಲದ ಕಟ್ಟಡಕ್ಕೆ ಗುರುತುಕಲ್ಲಿನ ಭೀತಿ

ಕಾಸರಗೋಡು: ಮುರಕಲ್ಲಿನ ನಾಲ್ಕು ಗೋಡೆ, ಹಂಚಿನ ಮಾಡು, ಒಂದು ಕೇರಂ ಬೋರ್ಡು, ಮೂಲೆಯಲ್ಲೊಂದು ಪುಸ್ತಕದ ಕಪಾಟು. ಗಡಿನಾಡಿನ ಹಳ್ಳಿಗಳಲ್ಲಿ ಯುವಕ ಮಂಡಲದ ಕಟ್ಟಡವೆಂದರೆ ಹೆಚ್ಚುಕಮ್ಮಿ ಇಷ್ಟೇ. ಸಂಜೆ ವಾಲಿಬಾಲ್ ಮುಗಿಸಿದ ಹುಡುಗರು ಕನ್ನಡ ಪತ್ರಿಕೆ ಬಿಡಿಸುವುದು, ಮಳೆಗಾಲದ ತಾಳಮದ್ದಳೆಗೆ ಜಮಖಾನ ಹಾಸುವುದು, ಅಷ್ಟಮಿಯ ಮೊಸರುಕುಡಿಕೆಗೆ ಲೆಕ್ಕ ಬರೆಯುವುದು ಎಲ್ಲ ಅಲ್ಲೇ. ಶಾಲೆ ಬಿಟ್ಟ ಮೇಲೆ ನಾಲ್ಕು ಜನ ಕೂತು ಕನ್ನಡ ಓದಲು ಬೇರೆ ಜಾಗ ಎಲ್ಲಿದೆ ಹೇಳಿ?

ರಸ್ತೆ ಬದಿಯಲ್ಲಿರುವುದೇ ಇಂಥ ಕಟ್ಟಡಗಳಿಗೆ ಮುಳುವು. ಹಿಂದೆ 17 ಎಂದಿದ್ದು ಆಮೇಲೆ 66 ಆದ ರಾಷ್ಟ್ರೀಯ ಹೆದ್ದಾರಿಯನ್ನು 45 ಮೀಟರ್ ಅಗಲದಲ್ಲಿ ಆರು ಪಥ ಮಾಡಲು ಹೊರಟಾಗ, ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಉದ್ದಕ್ಕೂ ಅಂಗಡಿ, ಮನೆ, ಮರಗಳು ಗುರುತುಕಲ್ಲಿನೊಳಗೆ ಬಂದವು. ಆ ಕೆಲಸದ ಬಿಸಿ ನೋಡಿದ ಒಳರಸ್ತೆಯ ಊರುಗಳಿಗೂ ಈಗ ಅಗಲೀಕರಣವೆಂದರೆ ಅಂಜಿಕೆ.

ಹೆದ್ದಾರಿಯ ವಿಷಯದಲ್ಲಿ ಕಾನೂನು ಕೊಡುವ ಗಡುವು ಬಲು ಚಿಕ್ಕದು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಪ್ರಕಟಣೆ ಗೆಜೆಟ್ಟಿನಲ್ಲಿ ಬಂದ 21 ದಿನದೊಳಗೆ ಲಿಖಿತ ಆಕ್ಷೇಪ ಸಲ್ಲಿಸಬೇಕು. 3ಡಿ ಘೋಷಣೆ ಹೊರಬಿತ್ತೋ, ಜಾಗ ಕೇಂದ್ರ ಸರಕಾರದ್ದು. ಆಮೇಲಿನ ತಕರಾರೆಲ್ಲ ಪರಿಹಾರದ ಮೊತ್ತದ್ದು ಮಾತ್ರ. ಪ್ರಕಟಣೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಅದರಲ್ಲೊಂದು ದೇಶಭಾಷೆಯಲ್ಲಿ ಬರಬೇಕೆಂದು ಕಾಯ್ದೆ ಹೇಳುತ್ತದೆ. ಯಾವ ದೇಶಭಾಷೆ ಎಂದು ಹೇಳುವುದಿಲ್ಲ! ಕನ್ನಡ ಪತ್ರಿಕೆ ಮಾತ್ರ ತರಿಸುವ ಸಂಘದವರಿಗೆ 21 ದಿನ ಕಳೆದದ್ದೇ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಕಾಗದಪತ್ರದ್ದು. ಊರಿನ ಹಿರಿಯರು ‘ಕಟ್ಟಿಕೊಳ್ಳಿ ಮಕ್ಕಳೇ’ ಎಂದು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ನಾಲ್ಕೈದು ಸೆಂಟ್ಸ್ ಜಾಗಕ್ಕೆ ದಸ್ತಾವೇಜು ಎಲ್ಲಿಂದ ಬರಬೇಕು? ತೀರ್ವೆ ರಶೀದಿ ಇನ್ನೂ ಆ ಮನೆತನದ ಹೆಸರಲ್ಲೇ ಇದ್ದರೆ ಪರಿಹಾರದ ಹಣಕ್ಕೆ ವಾರಸುದಾರರೇ ಮುಂದೆ ನಿಲ್ಲುತ್ತಾರೆ. ಶ್ರಮದಾನದಲ್ಲಿ ಕಲ್ಲು ಹೊತ್ತವರು ನೋಡುತ್ತ ಕೂರಬೇಕು. ಪುರಂಬೋಕು ಜಾಗವಾದರಂತೂ ಭೂಮಿಯ ಬೆಲೆ ಕೇಳುವ ಹಾಗೇ ಇಲ್ಲ. ಹಳೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಇಲ್ಲಿ ಸಂಘಗಳ ನೋಂದಣಿ 1860ರ ಕಾಯ್ದೆಯಂತೆ ನಡೆಯುತ್ತದೆ. ವರ್ಷವರ್ಷವೂ ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಕಬಡ್ಡಿ ಪಂದ್ಯಕ್ಕೆ ರಾತ್ರಿಯಿಡೀ ಓಡಾಡುವ ಉತ್ಸಾಹಿಗಳಿಗೆ ಈ ಒಂದು ಹಾಳೆಯ ಕೆಲಸಕ್ಕೆ ಮಾತ್ರ ಪುರುಸೊತ್ತಿರುವುದಿಲ್ಲ.

ಕಟ್ಟಡ ಇನ್ನೂ ನಿಂತಿರುವ ಕಡೆ ಮಾಡಬೇಕಾದ್ದು ಸಾಕಷ್ಟಿದೆ. ಜಾಗ ಕೊಟ್ಟ ಮನೆಯವರು ಒಪ್ಪಿದರೆ ಅದನ್ನು ಸಂಘದ ಹೆಸರಿಗೆ ದಾನಪತ್ರ ಮಾಡಿಸಿ ನೋಂದಾಯಿಸಬಹುದು. ರಸ್ತೆಯ ನಕ್ಷೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಆದರೆ ಅದಕ್ಕೆ ಉತ್ತರಿಸಲು ಕಚೇರಿಗೆ 30 ದಿನ ಸಮಯವಿದೆ, ಹೆದ್ದಾರಿಗೆ ಆಕ್ಷೇಪಿಸಲು ಸಂಘಕ್ಕಿರುವುದು 21. ಹಾಗಾಗಿ ಅರ್ಜಿ ಕಲ್ಲು ನೆಡುವ ಮೊದಲೇ ಹೋಗಬೇಕು.

ಅಹವಾಲನ್ನು ಮಲಯಾಳದಲ್ಲೇ ಬರೆಯಬೇಕೆಂದೇನೂ ಇಲ್ಲ. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಕನ್ನಡದಲ್ಲೇ ಬರೆದು, ಸ್ವೀಕೃತಿ ರಶೀದಿ ಕೇಳಿ ಪಡೆದು, ಅದನ್ನು ಪುಸ್ತಕದ ಕಪಾಟಿನಲ್ಲಿಟ್ಟು ಬೀಗ ಹಾಕಿದರಾಯಿತು.