ಸೆಮಿಸ್ಟರ್ ಎಂಬ ಓಟ: ಒತ್ತಡವನ್ನು ನಿಭಾಯಿಸುವ ಬಗೆ

ಪದವಿ ಶಿಕ್ಷಣವೆಂದರೆ ವರ್ಷವಿಡೀ ತರಗತಿ ಕೇಳಿ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಬರೆಯುವುದು ಎಂಬ ಕಾಲ ಎಂದೋ ಮುಗಿದಿದೆ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಆರು ತಿಂಗಳಿಗೊಮ್ಮೆ ಅಂತಿಮ ಪರೀಕ್ಷೆ, ಅದರ ನಡುವೆ ಆಂತರಿಕ ಕಿರುಪರೀಕ್ಷೆಗಳು, ಅಸೈನ್‌ಮೆಂಟ್, ಸೆಮಿನಾರ್, ಲ್ಯಾಬ್ ರೆಕಾರ್ಡ್, ವೈವಾ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತವೆ. ಒಂದನ್ನು ಮುಗಿಸಿ ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೊಂದರ ದಿನಾಂಕ ಸೂಚನಾ ಫಲಕದಲ್ಲಿ ಕಾಣಿಸಿಕೊಳ್ಳುತ್ತದೆ. ಈ ನಿರಂತರ ಓಟದಲ್ಲಿ ದಣಿಯುವುದು ವಿದ್ಯಾರ್ಥಿಯ ದೌರ್ಬಲ್ಯವಲ್ಲ. ಆದರೆ ದಣಿವನ್ನು ಗುರುತಿಸದೆ ಓಡುತ್ತಲೇ ಇರುವುದು ಅಪಾಯಕಾರಿ.

ಅಪಾಯ ಎಷ್ಟರಮಟ್ಟಿಗಿನದು ಎಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿಅಂಶಗಳೇ ಸಾಕ್ಷಿ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸಾವನ್ನಪ್ಪಿದರು. ಇವೆಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ. ಕುಟುಂಬ ಕಲಹ, ಅನಾರೋಗ್ಯ, ಬಡತನ, ತಾರತಮ್ಯ ಹೀಗೆ ಹಲವು ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆದರೂ ಓದಿನ ಒತ್ತಡವನ್ನು 'ಎಲ್ಲರಿಗೂ ಇರುವುದೇ' ಎಂದು ತಳ್ಳಿಹಾಕುವಂತಿಲ್ಲ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ.

ಒತ್ತಡದ ಮೂಲ ಎಲ್ಲಿದೆ?

ಪಿಯುಸಿವರೆಗೆ ತರಗತಿಯಲ್ಲಿ ಮೊದಲ ಸಾಲಿನಲ್ಲಿದ್ದ ವಿದ್ಯಾರ್ಥಿ ಪದವಿಗೆ ಬಂದೊಡನೆ ಹಿಂದೆ ಬೀಳುವುದು ಹೊಸತಲ್ಲ. ಇದಕ್ಕೆ ಬುದ್ಧಿಶಕ್ತಿಯ ಕೊರತೆಗಿಂತ ಪರಿಸರದ ಬದಲಾವಣೆಯೇ ಹೆಚ್ಚಾಗಿ ಕಾರಣ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಷಯದ ಜೊತೆಗೆ ಇಂಗ್ಲಿಷನ್ನೂ ಏಕಕಾಲಕ್ಕೆ ಕಲಿಯಬೇಕಾದ ಇಮ್ಮಡಿ ಹೊರೆ. ಉತ್ತರ ಗೊತ್ತಿದ್ದರೂ ಪದ ಒದಗದೆ ವೈವಾದಲ್ಲಿ ಮೌನವಾಗುವ ವಿದ್ಯಾರ್ಥಿಗಳನ್ನು ರಾಜ್ಯದ ಯಾವುದೇ ಕಾಲೇಜಿನಲ್ಲಿ ಕಾಣಬಹುದು.

ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಪ್ರಯಾಣದಲ್ಲೇ ಎರಡು ಮೂರು ಗಂಟೆ ಕಳೆದುಹೋಗುತ್ತದೆ. ಹಾಸ್ಟೆಲ್ ಸೇರಿದವರಿಗೆ ಮನೆಯವರಿಂದ ದೂರವಾದ ಒಂಟಿತನ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಸಂದೇಹ ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಇದರ ಮೇಲೆ ಶಿಕ್ಷಣ ಸಾಲ ಪಡೆದಿದ್ದರೆ, ತಂದೆ ಜಮೀನು ಅಡವಿಟ್ಟಿದ್ದರೆ, ಪ್ರತಿ ಕಿರುಪರೀಕ್ಷೆಯೂ ಮನೆಯ ಭವಿಷ್ಯದ ಪ್ರಶ್ನೆಯಂತೆ ಭಾಸವಾಗುತ್ತದೆ.

ನಿಯಮಗಳ ಬದಲಾವಣೆಯೂ ಗೊಂದಲ ಹೆಚ್ಚಿಸಿದೆ. ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂತು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಅಕ್ಕ ಓದಿದ ಪಠ್ಯಕ್ರಮ ತಂಗಿಗಿಲ್ಲ. ಹಿರಿಯ ವಿದ್ಯಾರ್ಥಿಗಳ ನೋಟ್ಸ್ ಮತ್ತು ಸಲಹೆ ಎರಡೂ ಅರ್ಧಕ್ಕೇ ಉಪಯೋಗಕ್ಕೆ ಬರುತ್ತವೆ.

ಭಯ ಕೆಲಸ ಮಾಡುವ ರೀತಿ

ಅಪಾಯ ಎದುರಾದಾಗ ದೇಹ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳೆಸಿದಂತಾಗುತ್ತದೆ. ಪ್ರಶ್ನೆಪತ್ರಿಕೆಯನ್ನೂ ದೇಹ ಇಂತಹ ಅಪಾಯವೆಂದೇ ಭಾವಿಸಬಲ್ಲದು. ಆಗ ಮನಸ್ಸಿನ ಒಂದು ಭಾಗ ಭಯದೊಡನೆ ಹೋರಾಡುವುದರಲ್ಲೇ ತೊಡಗಿರುತ್ತದೆ. ಓದಿದ್ದನ್ನು ಹೆಕ್ಕಿ ತೆಗೆಯಲು ಉಳಿಯುವ ಗಮನ ಕಡಿಮೆ. ಕೊಠಡಿಯಿಂದ ಹೊರಬಂದ ಐದು ನಿಮಿಷಕ್ಕೆ ಉತ್ತರ ತಾನಾಗಿಯೇ ನೆನಪಾಗುವುದು ಇದೇ ಕಾರಣಕ್ಕೆ.

ಹಾಗೆಂದು ಒತ್ತಡವೇ ಇರಬಾರದೆಂದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಯರ್ಕಿಸ್ ಮತ್ತು ಡಾಡ್ಸನ್ ಅವರು 1908ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬೆಳೆದು ಬಂದ ವಿಚಾರವೊಂದು ಇಂದಿಗೂ ಪಠ್ಯಗಳಲ್ಲಿದೆ: ಸ್ವಲ್ಪ ಉದ್ವೇಗ ಸಾಧನೆಯನ್ನು ಹೆಚ್ಚಿಸುತ್ತದೆ, ಅತಿಯಾದರೆ ಕುಗ್ಗಿಸುತ್ತದೆ. ಆದ್ದರಿಂದ ಗುರಿ ಒತ್ತಡವನ್ನು ಅಳಿಸುವುದಲ್ಲ, ಅದನ್ನು ಮಿತಿಯಲ್ಲಿಡುವುದು.

ಮೊದಲು ಅಂಕಗಳ ಲೆಕ್ಕ ತಿಳಿಯಿರಿ

ಭಯದ ದೊಡ್ಡ ಪಾಲು ಅಸ್ಪಷ್ಟತೆಯಿಂದ ಹುಟ್ಟುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಯೋಜನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಹುತೇಕ ಥಿಯರಿ ವಿಷಯಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 50 ಅಂಕ. ಆಂತರಿಕದಲ್ಲಿ ಕನಿಷ್ಠ 20, ಅಂತಿಮ ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40 ಬರಬೇಕು.

ಈ ಲೆಕ್ಕವನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಂತರಿಕದಲ್ಲಿ 20 ಮಾತ್ರ ಗಳಿಸಿದವರು ಅಂತಿಮ ಪರೀಕ್ಷೆಯಲ್ಲಿ ಕನಿಷ್ಠವಾದ 18ಕ್ಕೆ ನಿಲ್ಲುವಂತಿಲ್ಲ, 20 ಗಳಿಸಲೇಬೇಕು. ಆಂತರಿಕದಲ್ಲಿ 40 ಪಡೆದವರು ಕೊಠಡಿಗೆ ಕಾಲಿಡುವಾಗಲೇ ಒಟ್ಟು 40ರ ಗಡಿ ಮುಟ್ಟಿರುತ್ತಾರೆ. ಅವರಿಗೆ ಉಳಿದಿರುವುದು 18ರ ಮಿತಿ ದಾಟುವುದಷ್ಟೇ. ಅಸೈನ್‌ಮೆಂಟನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸುವುದು ಬರಿಯ ಶಿಸ್ತಿನ ಮಾತಲ್ಲ. ಮೂರು ತಿಂಗಳ ನಂತರದ ಭಯಕ್ಕೆ ಈಗಲೇ ಕೊಡುವ ಮದ್ದು.

ಹಾಜರಾತಿಯ ಲೆಕ್ಕವೂ ಹೀಗೆಯೇ. ಶೇ 85 ಹಾಜರಾತಿ ಬೇಕಾದಲ್ಲಿ, 60 ತರಗತಿಗಳು ನಡೆದರೆ ತಪ್ಪಿಸಬಹುದಾದದ್ದು ಒಂಬತ್ತು ಮಾತ್ರ. ಜ್ವರ, ಹಬ್ಬ, ಮನೆಯ ಮದುವೆ ಎಲ್ಲವೂ ಈ ಒಂಬತ್ತರೊಳಗೇ ಆಗಬೇಕು. ವಿಶ್ವವಿದ್ಯಾಲಯ, ಯೋಜನೆ ಮತ್ತು ವಿಷಯಕ್ಕೆ ತಕ್ಕಂತೆ ಈ ಸಂಖ್ಯೆಗಳು ಬೇರೆಯಾಗುತ್ತವೆ. ಸೆಮಿಸ್ಟರ್‌ನ ಮೊದಲ ವಾರದಲ್ಲೇ ಪಠ್ಯಕ್ರಮದ ಪ್ರತಿ ಪಡೆದು ತಮ್ಮ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.

ಓದಿದ್ದು ಉಳಿಯಬೇಕಾದರೆ

'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂಬ ಮಾತು ಪರೀಕ್ಷೆಯ ಹಿಂದಿನ ರಾತ್ರಿಗೆ ಹೇಳಿ ಮಾಡಿಸಿದಂತಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಆರಂಭದ ಗಂಟೆ ಮತ್ತು ದಿನಗಳಲ್ಲೇ ಅತಿ ವೇಗವಾಗಿ ಮರೆತುಹೋಗುತ್ತದೆಂದು 1885ರಲ್ಲೇ ತೋರಿಸಿದ್ದರು. ಪರಿಹಾರವೂ ಅಲ್ಲಿಯೇ ಇತ್ತು: ಅಂತರ ಕೊಟ್ಟು ಪುನರಾವರ್ತಿಸಿದರೆ ಮರೆವು ನಿಧಾನವಾಗುತ್ತದೆ.

ಮತ್ತೊಂದು ಪ್ರಯೋಗ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅವರು 2006ರಲ್ಲಿ ಒಂದೇ ಪಾಠವನ್ನು ಎರಡು ಬಗೆಯಲ್ಲಿ ಓದಿಸಿದರು. ಕೆಲವರು ಅದನ್ನು ಮತ್ತೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಫಲಿತಾಂಶ ತಿರುವುಮುರುವು: ನೆನಪಿನಿಂದ ಬರೆದವರು ಪಾಠದ ಶೇ 56ರಷ್ಟನ್ನು, ಮತ್ತೆ ಓದಿದವರು ಶೇ 42ರಷ್ಟನ್ನು ನೆನಪಿಟ್ಟುಕೊಂಡಿದ್ದರು. ಪುಟಗಳಿಗೆ ಹಳದಿ ಬಣ್ಣ ಬಳಿಯುತ್ತ ಮತ್ತೆ ಮತ್ತೆ ಓದುವಾಗ 'ಎಲ್ಲ ಬರುತ್ತದೆ' ಎಂಬ ಭಾವನೆ ಬರುತ್ತದೆ. ಅದು ಪರಿಚಯದ ಭಾವನೆ, ಜ್ಞಾನವಲ್ಲ.

ಇದನ್ನು ದಿನಚರಿಗೆ ಇಳಿಸುವುದು ಕಷ್ಟವೇನಲ್ಲ:

* ಅಂದಿನ ಪಾಠವನ್ನು ಅಂದೇ ಸಂಜೆ ಪುಸ್ತಕ ನೋಡದೆ ಅರ್ಧ ಪುಟದಲ್ಲಿ ಬರೆಯಿರಿ. ಬಿಟ್ಟುಹೋದದ್ದನ್ನು ನಂತರ ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಿ.
* ಅದೇ ಪಾಠವನ್ನು ಮೂರನೆಯ ದಿನ, ವಾರದ ಕೊನೆ ಹಾಗೂ ತಿಂಗಳ ಕೊನೆಯಲ್ಲಿ ಮತ್ತೊಮ್ಮೆ ಹೀಗೆಯೇ ಪರೀಕ್ಷಿಸಿಕೊಳ್ಳಿ.
* ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದುವುದಕ್ಕೆ ಬದಲಾಗಿ ಗಡಿಯಾರ ಇಟ್ಟುಕೊಂಡು ಬಿಡಿಸಿ.
* ಕನ್ನಡ ಮಾಧ್ಯಮದವರು ಪರಿಕಲ್ಪನೆಯನ್ನು ಮೊದಲು ಕನ್ನಡದಲ್ಲೇ ಗೆಳೆಯರಿಗೆ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಪ್ರತಿ ಅಧ್ಯಾಯದ ಮುಖ್ಯ ಪದಗಳ ಪಟ್ಟಿ ಜೊತೆಗಿರಲಿ.
* ಬಸ್ಸಿನ ಪ್ರಯಾಣವನ್ನು ಹೊಸ ಪಾಠಕ್ಕಲ್ಲ, ಓದಿದ್ದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೆ ಬಳಸಿ.
* ಓದುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ನಿದ್ರೆಯನ್ನು ಕದಿಯಬೇಡಿ

ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಗೊಳ್ಳುವ ಕೆಲಸದ ಬಹುಪಾಲು ನಿದ್ರೆಯಲ್ಲಿ ನಡೆಯುತ್ತದೆ. ರಾತ್ರಿಯಿಡೀ ಎದ್ದು ಓದಿದ ವಿದ್ಯಾರ್ಥಿ ಹೆಚ್ಚು ಪುಟಗಳನ್ನು ತಿರುವಿರಬಹುದು. ಆದರೆ ಬೆಳಿಗ್ಗೆ ಲೆಕ್ಕದಲ್ಲಿ ಚಿಹ್ನೆ ತಪ್ಪುವುದು, ಪ್ರಶ್ನೆಯನ್ನು ಅರ್ಧ ಓದಿ ಉತ್ತರ ಆರಂಭಿಸುವುದು ಅವರೇ. ಏಳೆಂಟು ಗಂಟೆಯ ನಿದ್ರೆ ಓದಿನ ಶತ್ರುವಲ್ಲ, ಅದರ ಭಾಗ. ಚಹಾ, ಕಾಫಿ ಸಂಜೆಗೇ ನಿಲ್ಲಲಿ. ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಹೊರಡುವುದೂ ಬೇಡ. ನಿತ್ಯ ಅರ್ಧ ಗಂಟೆ ಬಿರುಸಿನ ನಡಿಗೆ ಅಥವಾ ಆಟ ಮನಸ್ಸನ್ನು ಹಗುರಗೊಳಿಸುತ್ತದೆ.

ಪರೀಕ್ಷಾ ಕೊಠಡಿಯಲ್ಲಿ

ಐದು ಮಾಡ್ಯೂಲ್, ಪ್ರತಿಯೊಂದರಿಂದ 20 ಅಂಕದ ಒಂದು ಪೂರ್ಣ ಪ್ರಶ್ನೆ, ಮೂರು ಗಂಟೆ ಅವಧಿ ಎಂಬುದು ಮೇಲೆ ಹೇಳಿದ ಯೋಜನೆಯ ಸಾಮಾನ್ಯ ಮಾದರಿ. ಅಂದರೆ ಪ್ರತಿ ಪ್ರಶ್ನೆಗೆ 36 ನಿಮಿಷ. ಪತ್ರಿಕೆ ಓದಲು ಮತ್ತು ಕೊನೆಯಲ್ಲಿ ಪರಿಶೀಲಿಸಲು ಒಟ್ಟು ಹದಿನೈದು ನಿಮಿಷ ತೆಗೆದಿಟ್ಟರೆ ಉಳಿಯುವುದು 33 ನಿಮಿಷ. ಚೆನ್ನಾಗಿ ಗೊತ್ತಿರುವ ಪ್ರಶ್ನೆಯಿಂದ ಆರಂಭಿಸಿ. ಸಮಯ ಮೀರಿದೊಡನೆ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ. ಉತ್ತೀರ್ಣರಾಗಲು ಐದೂ ಪ್ರಶ್ನೆಗಳಿಗೆ ಅರ್ಧಂಬರ್ಧ ಉತ್ತರ ಬರೆಯುವುದು, ಎರಡಕ್ಕೆ ಪರಿಪೂರ್ಣ ಉತ್ತರ ಬರೆದು ಮೂರನ್ನು ಖಾಲಿ ಬಿಡುವುದಕ್ಕಿಂತ ಸುರಕ್ಷಿತ.

ತಲೆ ಖಾಲಿಯಾದಂತೆ ಅನಿಸಿದರೆ ಲೇಖನಿ ಕೆಳಗಿಟ್ಟು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಹತ್ತು ಬಾರಿ ಹೀಗೆ ಮಾಡಲು ಎರಡು ನಿಮಿಷ ಸಾಕು. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಆತಂಕವನ್ನು ಹಾಳೆಯ ಮೇಲೆ ಬರೆದ ಭಯಗ್ರಸ್ತ ವಿದ್ಯಾರ್ಥಿಗಳು ಉತ್ತಮ ಸಾಧನೆ ತೋರಿದ್ದರು. ಎಲ್ಲರಿಗೂ ಇದು ಒಂದೇ ಫಲ ಕೊಡುತ್ತದೆ ಎನ್ನಲಾಗದು. ಆದರೆ ಖರ್ಚಿಲ್ಲದ ಪ್ರಯತ್ನ, ಮಾಡಿ ನೋಡಬಹುದು.

ವಿಷಯ ಉಳಿದುಕೊಂಡರೆ

ಒಂದು ವಿಷಯದಲ್ಲಿ ಅನುತ್ತೀರ್ಣರಾಗುವುದು ನೋವಿನ ಸಂಗತಿ ನಿಜ, ಆದರೆ ಅದು ಅಂತಿಮ ತೀರ್ಪಲ್ಲ. ಉತ್ತರ ಪತ್ರಿಕೆಯ ಪ್ರತಿ ಪಡೆಯಲು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು, ಮತ್ತೆ ಪರೀಕ್ಷೆ ಬರೆಯಲು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ. ಇವಕ್ಕೆ ಅಲ್ಪಾವಧಿಯ ಗಡುವು ಇರುವುದರಿಂದ ಫಲಿತಾಂಶದ ದಿನ ಅಳು ಬಂದರೂ ಮರುದಿನ ಕಚೇರಿಗೆ ಹೋಗಿ ವಿಚಾರಿಸಬೇಕು.

ಅಪಾಯವಿರುವುದು ಮುಚ್ಚಿಡುವುದರಲ್ಲಿ. ಮೊದಲ ಸೆಮಿಸ್ಟರ್‌ನ ಒಂದು ಬ್ಯಾಕ್‌ಲಾಗನ್ನು ಮನೆಯಲ್ಲಿ ಹೇಳದೆ, ಅದರ ಅಳುಕಿನಲ್ಲಿ ಎರಡನೆಯ ಸೆಮಿಸ್ಟರ್‌ನ ತರಗತಿ ತಪ್ಪಿಸಿ, ಹಾಜರಾತಿ ಕೊರತೆಯಾಗಿ ಇನ್ನೆರಡು ವಿಷಯ ಕೈತಪ್ಪುತ್ತವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ. ಉಳಿದ ವಿಷಯಕ್ಕೆ ವಾರದಲ್ಲಿ ಎರಡು ಸಂಜೆ ಮೀಸಲಿಟ್ಟು, ಅದೇ ವಿಷಯ ಉಳಿಸಿಕೊಂಡ ಸಹಪಾಠಿಗಳೊಡನೆ ಕುಳಿತು ಓದುವುದು ಹೊರೆಯನ್ನೂ ಅವಮಾನವನ್ನೂ ಹಗುರಗೊಳಿಸುತ್ತದೆ.

ನೆರವು ಕೇಳುವ ಹೊತ್ತು

ಕೆಳಗಿನ ಲಕ್ಷಣಗಳು ಎರಡು ವಾರಕ್ಕೂ ಹೆಚ್ಚು ಕಾಲ ಉಳಿದರೆ ಅದು ಕೇವಲ ಪರೀಕ್ಷಾ ಭಯವಲ್ಲ: ನಿದ್ರೆ ಬಾರದಿರುವುದು ಅಥವಾ ಅತಿಯಾಗಿ ಬರುವುದು, ಊಟ ಸೇರದಿರುವುದು, ಇಷ್ಟದ ಸಂಗತಿಗಳಲ್ಲೂ ನಿರಾಸಕ್ತಿ, ಸ್ನೇಹಿತರಿಂದ ದೂರ ಸರಿಯುವುದು, ಮದ್ಯದ ಮೊರೆ ಹೋಗುವುದು. 'ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ' ಎಂಬ ಮಾತು ಬಂದರಂತೂ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯ. ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ನಗರಕ್ಕೇ ಹೋಗಬೇಕೆಂದಿಲ್ಲ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯಕೀಯ ಸೇವೆ ಇದೆ. ವಾಸ್ತವವಾಗಿ, ದೇಶದಲ್ಲಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ.

ಹೊಣೆ ವಿದ್ಯಾರ್ಥಿಯದು ಮಾತ್ರವಲ್ಲ

ವೇಳಾಪಟ್ಟಿ, ಉಸಿರಾಟ, ನಿದ್ರೆ ಎಂದು ಎಲ್ಲವನ್ನೂ ವಿದ್ಯಾರ್ಥಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ವಿಧಿಸಿದೆ. ಅದರಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲ್ ಮತ್ತು ತರಗತಿಗಳಲ್ಲಿ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಅಂಕ ಕಡಿಮೆ ಬಂದವರನ್ನು ಎಲ್ಲರೆದುರು ಅವಮಾನಿಸುವಂತಿಲ್ಲ. ನಮ್ಮ ಕಾಲೇಜಿನಲ್ಲಿ ಇವು ಜಾರಿಯಾಗಿವೆಯೇ ಎಂದು ಕೇಳುವುದು ವಿದ್ಯಾರ್ಥಿಗಳ ಮತ್ತು ಪೋಷಕರ ಹಕ್ಕು.

ಇಲಾಖೆಗಳು ಪರಸ್ಪರ ಮಾತನಾಡಿಕೊಂಡರೆ ಒಂದೇ ವಾರದಲ್ಲಿ ಐದು ವಿಷಯಗಳ ಅಸೈನ್‌ಮೆಂಟ್ ಬಂದು ಬೀಳುವುದು ತಪ್ಪುತ್ತದೆ. ಇದಕ್ಕೆ ಹಣ ಬೇಕಿಲ್ಲ, ಸೆಮಿಸ್ಟರ್‌ನ ಆರಂಭದಲ್ಲಿ ಒಂದು ಗಂಟೆಯ ಸಭೆ ಸಾಕು.

ಪೋಷಕರಿಗೂ ಒಂದು ಕಿವಿಮಾತು. ಊರಿನಿಂದ ಫೋನ್ ಮಾಡಿದಾಗ ಮೊದಲ ಪ್ರಶ್ನೆ 'ಎಷ್ಟು ಬಂತು?' ಎಂಬುದಾಗದೆ 'ಊಟ ಆಯ್ತೇ, ನಿದ್ದೆ ಆಯ್ತೇ?' ಎಂದಾಗಲಿ. ಪಕ್ಕದ ಮನೆಯ ಮಗಳ ಅಂಕಗಳ ಪ್ರಸ್ತಾಪ ಬೇಡ. ಅಂಕ ಕಡಿಮೆಯಾದರೂ ಮನೆಯ ಬಾಗಿಲು ತೆರೆದಿರುತ್ತದೆ ಎಂಬ ಮಾತನ್ನು ಫಲಿತಾಂಶ ಬಂದ ಮೇಲಲ್ಲ, ಪರೀಕ್ಷೆಗೆ ಮೊದಲೇ ಹೇಳಬೇಕು. ಉಳಿದ ವಿಷಯವನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಬರೆಯಬಹುದು, ಅದನ್ನು ಬರೆಯಬೇಕಾದ ಜೀವ ಉಳಿದಿರಬೇಕು.