ಕೆಟ್ಟ ಹೇರ್ ಟ್ರಾನ್ಸ್‌ಪ್ಲಾಂಟ್ ರಿಪೇರಿ: ಸರ್ಜನ್ ಆರಿಸುವ ಮುನ್ನ ಈ ಲೆಕ್ಕ ಹಾಕಿ

ಕೂದಲಿನ ಬಗ್ಗೆಯೂ ಒಂದು ಲೇಖನವಾ ಅಂತ ನಗುವವರು ಎರಡು ಸುದ್ದಿಗಳನ್ನು ನೆನಪಿಸಿಕೊಳ್ಳಿ. 2021ರಲ್ಲಿ ದೆಹಲಿಯ 30 ವರ್ಷದ ಯುವಕನೊಬ್ಬ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡ ಮೇಲೆ ಸೋಂಕು ಮೈಯೆಲ್ಲ ಹರಡಿ ತೀರಿಕೊಂಡ. 2025ರಲ್ಲಿ ಕಾನ್ಪುರದಿಂದ ಇಬ್ಬರು ಎಂಜಿನಿಯರ್‌ಗಳ ಸಾವಿನ ಸುದ್ದಿ ಬಂತು. ಅಲ್ಲಿ ಕೇಸು ದಾಖಲಾಗಿದ್ದು ಒಬ್ಬ ದಂತವೈದ್ಯರ ಮೇಲೆ.

ಇವು ಜೀವ ಹೋದ ಪ್ರಕರಣಗಳು, ಹಾಗಾಗಿ ಸುದ್ದಿಯಾದವು. ಜೀವ ಹೋಗದೆ, ಬರೀ ತಲೆ ಹಾಳಾದವರು ಸುದ್ದಿಯಾಗಲ್ಲ. ಅವರು ಟೋಪಿ ಹಾಕ್ಕೊಂಡು ಓಡಾಡ್ತಾರೆ. ಸಾಲ ಮಾಡಿ ಲಕ್ಷ ಸುರಿದ ವಿಷಯ ಮನೆಯಲ್ಲೂ ಹೇಳಿರಲ್ಲ. ಹೇಳಿದರೆ ಬರುವ ಮಾತು ಒಂದೇ: "ಕೂದಲಿಗೋಸ್ಕರ ಇಷ್ಟೆಲ್ಲಾ ಬೇಕಿತ್ತಾ?" ಈ ಅವಮಾನವೇ ಕೆಟ್ಟ ಕ್ಲಿನಿಕ್‌ಗಳಿಗಿರುವ ದೊಡ್ಡ ರಕ್ಷಣೆ.

ನನ್ನ ಎಂಜಿನಿಯರಿಂಗ್ ಬ್ಯಾಚಿನ ಗೆಳೆಯನೊಬ್ಬ ಇದೇ ಸ್ಥಿತಿಯಲ್ಲಿದ್ದಾನೆ. ಹುಬ್ಬಳ್ಳಿ ಕಡೆಯವನು, ಕೆಲಸ ಬೆಂಗಳೂರಲ್ಲಿ. ಎರಡನೇ ಸರ್ಜರಿಗೆ ಯಾರ ಹತ್ತಿರ ಹೋಗಬೇಕು ಅಂತ ಅವನ ಜೊತೆ ನಾಲ್ಕು ಕಡೆ ಕನ್ಸಲ್ಟೇಶನ್‌ಗೆ ಕೂತೆ. ಅಲ್ಲಿ ಕೇಳಿದ್ದು, ಆಮೇಲೆ ನಿಯಮಗಳನ್ನು ಓದಿ ತಿಳಿದದ್ದು ಇಲ್ಲಿದೆ.

ಸಸಿಮಡಿ ಒಂದೇ

ಹೇರ್ ಟ್ರಾನ್ಸ್‌ಪ್ಲಾಂಟ್ ಹೊಸ ಕೂದಲನ್ನು ಹುಟ್ಟಿಸಲ್ಲ. ಇದ್ದ ಕೂದಲಿನ ಜಾಗ ಬದಲಿಸುತ್ತೆ, ಅಷ್ಟೇ. ಹಿಂತಲೆ ಮತ್ತು ಕಿವಿಯ ಮೇಲ್ಭಾಗದ ಕೂದಲು ಸಾಮಾನ್ಯ ಬೊಕ್ಕತಲೆಯಲ್ಲಿ ಉದುರಲ್ಲ, ಕಿತ್ತು ಮುಂದೆ ನೆಟ್ಟರೂ ತನ್ನ ಗುಣ ಬಿಡಲ್ಲ. ಅಮೆರಿಕದ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1950ರ ದಶಕದಲ್ಲಿ ತೋರಿಸಿಕೊಟ್ಟ ಈ ಒಂದು ಸಂಗತಿಯ ಮೇಲೆ ಇಡೀ ಉದ್ಯಮ ನಿಂತಿದೆ.

ಭತ್ತದ ನಾಟಿ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಸಸಿಮಡಿಯಿಂದ ಸಸಿ ಕಿತ್ತು ಗದ್ದೆಗೆ ನೆಡೋದು. ವ್ಯತ್ಯಾಸ ಏನಂದ್ರೆ, ಭತ್ತದ ಮಡಿ ಕೆಟ್ಟರೆ ಮತ್ತೆ ಬೀಜ ಚೆಲ್ಲಬಹುದು. ಹಿಂತಲೆಯ ಮಡಿಯಲ್ಲಿ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟೋದಿಲ್ಲ.

ಕೂದಲು ಒಂದೊಂದಾಗಿ ಅಲ್ಲ, 1ರಿಂದ 4 ಎಳೆಗಳ ಗುಂಪಾಗಿ ಬೆಳೆಯುತ್ತೆ. ಒಂದು ಗುಂಪು ಅಂದರೆ ಒಂದು ಗ್ರಾಫ್ಟ್. ಹೆಚ್ಚಿನವರ ಹಿಂತಲೆಯಿಂದ ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದದ್ದು ಸುಮಾರು 4,000ದಿಂದ 6,000 ಗ್ರಾಫ್ಟ್. ಪೂರ್ತಿ ಬೋಳಾದ ತಲೆಯಲ್ಲಿ ಸುಮಾರು 200 ಚದರ ಸೆಂಟಿಮೀಟರ್ ಜಾಗ ಖಾಲಿ ಇದೆ ಅಂದುಕೊಳ್ಳಿ. ಚದರ ಸೆಂಟಿಮೀಟರಿಗೆ 40 ಗ್ರಾಫ್ಟ್ ಹಾಕಿದರೂ 8,000 ಬೇಕು. ಅಂದರೆ ಮೊದಲ ದಿನದಿಂದಲೇ ಇದು ಕೊರತೆಯ ಬಜೆಟ್. ಮೊದಲ ಸರ್ಜರಿಯಲ್ಲಿ ಹಾಳಾದ ಪ್ರತಿ ಗ್ರಾಫ್ಟ್ ಈ ಬಜೆಟ್ಟಿನಿಂದಲೇ ಕಳೆದುಹೋಗಿರುತ್ತೆ. ಎರಡನೆಯದೂ ಕೆಟ್ಟರೆ ಮೂರನೆಯದಕ್ಕೆ ಬಂಡವಾಳವೇ ಇರಲ್ಲ. ಸರ್ಜನ್ ಆಯ್ಕೆಯಲ್ಲಿ ಪಣಕ್ಕಿರುವುದು ಇದೇ.

ಏನು ಕೆಟ್ಟಿದೆ ಅಂತ ಮೊದಲು ತಿಳಿಯಿರಿ

ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರುವುದು ಸಹಜ. ಮೂರು-ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತೆ. ಪೂರ್ತಿ ಫಲ ಕಾಣಲು ಒಂದು ವರ್ಷ ಬೇಕು, ನಡುನೆತ್ತಿಗೆ ಇನ್ನೂ ಸ್ವಲ್ಪ ಹೆಚ್ಚು. ಹಾಗಾಗಿ ಆರನೇ ತಿಂಗಳಿಗೇ "ಬನ್ನಿ, ರಿಪೇರಿ ಮಾಡೋಣ" ಅನ್ನುವವರು ನಿಮ್ಮ ಆತಂಕವನ್ನು ಮಾರಿಕೊಳ್ಳುತ್ತಿದ್ದಾರೆ. ಆದರೆ ಕೀವು, ಚರ್ಮ ಕಪ್ಪಾಗುವುದು, ಜ್ವರ, ಹೆಚ್ಚುತ್ತಲೇ ಹೋಗುವ ನೋವು ಇದ್ದರೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ವರ್ಷ ಕಳೆದ ಮೇಲೂ ಬೇಸರವೇ ಉಳಿದರೆ, ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು:

• ಕೂದಲು ಹತ್ತಲೇ ಇಲ್ಲ. ತೆಗೆಯುವಾಗ ಬುಡ ತುಂಡಾಗಿರಬಹುದು, ಹೊರಗೆ ಒಣಗಿರಬಹುದು.

• ಹೇರ್‌ಲೈನ್ ತಪ್ಪಾಗಿದೆ. ಹಣೆಯ ಮೇಲೆ ತೀರಾ ಕೆಳಗೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಮುಂದಿನ ಸಾಲಿಗೆ ಒಂದೆಳೆಯ ಗ್ರಾಫ್ಟ್ ಹಾಕುವ ಬದಲು ಮೂರ್ನಾಲ್ಕು ಎಳೆಯದ್ದು ಹಾಕಿ ಬೊಂಬೆ ಕೂದಲಿನಂತೆ ಕಾಣುತ್ತೆ. ಅಥವಾ ಕೂದಲು ಮುಂದಕ್ಕೆ ಬಾಗುವ ಬದಲು ನೆಟ್ಟಗೆ ನಿಂತಿದೆ.

• ಹಿಂತಲೆಯನ್ನು ಬೋಳಿಸಿಬಿಟ್ಟಿದ್ದಾರೆ. ಮಿತಿ ಮೀರಿ ಕಿತ್ತರೆ ನುಸಿ ತಿಂದ ಶಾಲಿನಂತೆ ಕಾಣುತ್ತೆ.

• ನೆಟ್ಟದ್ದು ಚೆನ್ನಾಗಿದೆ, ಸುತ್ತಲಿನ ಸ್ವಂತ ಕೂದಲು ಉದುರುತ್ತಲೇ ಇದೆ. ಇದಕ್ಕೆ ಬೇಕಾದದ್ದು ಔಷಧಿ, ಸರ್ಜರಿ ಅಲ್ಲದೇ ಇರಬಹುದು.

• ಮೊದಲೇ ಕಾಯಿಲೆ ಇತ್ತು. ಲೈಕನ್ ಪ್ಲಾನೊಪೈಲಾರಿಸ್‌ನಂಥ, ಕೂದಲ ಬುಡವನ್ನೇ ಗಾಯದ ಕಲೆಯಾಗಿಸುವ ರೋಗ ಸಕ್ರಿಯವಾಗಿದ್ದರೆ ಎಷ್ಟು ನೆಟ್ಟರೂ ನಿಲ್ಲಲ್ಲ. ಹಿಂತಲೆಯೂ ಸೇರಿ ಎಲ್ಲ ಕಡೆ ತೆಳುವಾಗುವ ಬೊಕ್ಕತಲೆಯಲ್ಲೂ ಹಾಗೇ. ಇದನ್ನು ಪತ್ತೆ ಮಾಡಲು ಕೆಲವೊಮ್ಮೆ ಬಯಾಪ್ಸಿ ಬೇಕಾಗುತ್ತೆ.

ಇಲ್ಲಿ ನನ್ನದೊಂದು ಸಲಹೆ. ಮೊದಲ ಅಭಿಪ್ರಾಯವನ್ನು ಸರ್ಜರಿ ಮಾರದವರ ಹತ್ತಿರ ಪಡೆಯಿರಿ. ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ಒಪಿಡಿಯಲ್ಲಿ ಚೀಟಿ ಮಾಡಿಸಿ, ಸಾಲಲ್ಲಿ ನಿಂತು ಕೇಳಿ. ನಿಮ್ಮ ಹಿಂತಲೆಯಲ್ಲಿ ಎಷ್ಟು ಉಳಿದಿದೆ ಅನ್ನುವುದರಿಂದ ಆ ಡಾಕ್ಟರಿಗೆ ಒಂದು ಪೈಸೆಯ ಲಾಭವೂ ಇಲ್ಲ.

ಯಾರು ಮಾಡಬಹುದು?

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಇದಕ್ಕೇ ಮಾರ್ಗಸೂಚಿ ಹೊರಡಿಸಿತು. ಅದರ ಸಾರ: ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗದಲ್ಲಿ ಸ್ನಾತಕೋತ್ತರ ತರಬೇತಿಯಂಥ ಔಪಚಾರಿಕ ಹಿನ್ನೆಲೆ ಇರಬೇಕು. ವರ್ಕ್‌ಶಾಪಿನಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ತರಬೇತಿ ಆಗಲ್ಲ. ಸಹಾಯಕರು ಇರಬಹುದು, ಆದರೆ ಹೊಣೆ ಡಾಕ್ಟರದ್ದೇ. ಅದೇ ವರ್ಷದ ಕೊನೆಗೆ ಭಾರತೀಯ ದಂತವೈದ್ಯ ಪರಿಷತ್ತು, ಬಾಯಿ-ದವಡೆ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಮಾಡಬಹುದು ಅಂದಿತು. ಚರ್ಮವೈದ್ಯರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಈ ಜಗಳದ ನಡುವೆ ಬರೀ ಬಿಡಿಎಸ್ ಮಾಡಿದವರು, ಯಾವ ಡಿಗ್ರಿಯೂ ಇಲ್ಲದ ಟೆಕ್ನಿಶಿಯನ್‌ಗಳು ನುಸುಳಿಕೊಳ್ತಾರೆ.

ಹಾಗಾಗಿ ಹೆಸರು ಕೇಳಿ, ನೋಂದಣಿ ಸಂಖ್ಯೆ ಕೇಳಿ, ವೈದ್ಯಕೀಯ ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿ. ಕರ್ನಾಟಕದಲ್ಲಾದರೆ ಕ್ಲಿನಿಕ್‌ಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ನೋಂದಣಿ ಇರಲೇಬೇಕು. ಪ್ರಮಾಣಪತ್ರ ಗೋಡೆಯ ಮೇಲೆ ಕಾಣದಿದ್ದರೆ ಕೇಳಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಇದೆಲ್ಲ ಕನಿಷ್ಠ ಅರ್ಹತೆ ಮಾತ್ರ. ಖಾಲಿ ಸೈಟಿನಲ್ಲಿ ಮನೆ ಕಟ್ಟುವುದು ಬೇರೆ, ಬಿರುಕು ಬಿಟ್ಟ ಮನೆ ಸರಿ ಮಾಡುವುದು ಬೇರೆ. ಗಾಯದ ಕಲೆಯಾದ ಚರ್ಮದಲ್ಲಿ ರಕ್ತಸಂಚಾರ ಕಡಿಮೆ, ಅಲ್ಲಿ ನೆಟ್ಟದ್ದು ಹತ್ತುವುದು ಕಷ್ಟ. ಮೊದಲ ಸರ್ಜರಿ ನೂರು ಮಾಡಿದವರಿಗೆ ರಿಪೇರಿ ಬರುತ್ತೆ ಅಂತೇನಿಲ್ಲ.

ಎದುರು ಕೂತು ಕೇಳಬೇಕಾದದ್ದು

ಮೊದಲನೆಯದು: "ನನ್ನ ಹಿಂತಲೆಯಲ್ಲಿ ಇನ್ನು ಎಷ್ಟು ಗ್ರಾಫ್ಟ್ ಉಳಿದಿದೆ?" ಒಳ್ಳೆಯ ಸರ್ಜನ್ ಕೂದಲು ಗಿಡ್ಡ ಮಾಡಿಸಿ, ಭೂತಗನ್ನಡಿಯಂಥ ಉಪಕರಣ ಇಟ್ಟು, ನಾಲ್ಕೈದು ಕಡೆ ಎಣಿಸಿ ಸಂಖ್ಯೆ ಹೇಳ್ತಾರೆ. ವಾಟ್ಸಾಪ್ ಫೋಟೋ ನೋಡಿ "ಮೂರು ಸಾವಿರ ಆರಾಮಾಗಿ ಸಿಗುತ್ತೆ ಸರ್" ಅಂದರೆ ಅದು ಅಂದಾಜು ಕೂಡ ಅಲ್ಲ. ಸಂಖ್ಯೆ ಹೇಳಿದಾಗ ಅದು ಗ್ರಾಫ್ಟೋ ಕೂದಲೋ ಕೇಳಿ. 2,000 ಗ್ರಾಫ್ಟನ್ನೇ 4,000 ಕೂದಲು ಅಂತ ಮಾರುವುದು ಹಳೇ ಆಟ.

ಎರಡನೆಯದು: "ಮೊದಲನೆಯದು ಯಾಕೆ ಕೆಟ್ಟಿತು?" ಕಾರಣ ಹೇಳಲಾಗದವರಿಂದ ಪರಿಹಾರ ಬರಲ್ಲ. ಸಾಫ್ಟ್‌ವೇರ್‌ನಲ್ಲೂ ಬಗ್ ಎಲ್ಲಿದೆ ಅಂತ ಗೊತ್ತಿಲ್ಲದೆ ಕೋಡ್ ಮುಟ್ಟುವವನನ್ನು ಯಾರೂ ನಂಬಲ್ಲ.

ಮೂರನೆಯದು: "ತೆಗೆಯುವುದು ಯಾರು, ತೂತು ಮಾಡುವುದು ಯಾರು, ನೆಡುವುದು ಯಾರು? ಅವತ್ತು ಇನ್ನೆಷ್ಟು ಜನರಿಗೆ ಸರ್ಜರಿ ಇದೆ?" ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಕೂದಲಿನ ಕೋನ, ದಿಕ್ಕು ನಿರ್ಧಾರವಾಗುವುದು ಆ ತೂತಿನಲ್ಲಿ.

ನಾಲ್ಕನೆಯದು: "ನೀವು ಮಾಡಿದ ರಿಪೇರಿ ಕೇಸುಗಳನ್ನು ತೋರಿಸಿ." ಒಂದು ವರ್ಷದ ನಂತರದ ಫೋಟೋ, ಒಂದೇ ಬೆಳಕಿನಲ್ಲಿ, ಕೂದಲು ಹಿಂದಕ್ಕೆ ಬಾಚಿದ್ದು. ಹಿಂತಲೆಯದ್ದೂ ಇರಬೇಕು. ಒಪ್ಪುವ ಒಬ್ಬಿಬ್ಬರು ರೋಗಿಗಳನ್ನು ನೇರ ನೋಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು: "ಏನು ಸರಿಹೋಗಲ್ಲ?" ನಾವು ಕೂತ ನಾಲ್ಕು ಕಡೆಗಳಲ್ಲಿ ಎರಡು ಕಡೆ ಡಾಕ್ಟರೇ ಸಿಗಲಿಲ್ಲ, "ಕೌನ್ಸೆಲರ್" ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್, ಇಎಂಐ ಇದೆ ಅಂದರು. ಮೂರನೇ ಕಡೆ ಡಾಕ್ಟರು 3,500 ಗ್ರಾಫ್ಟ್ ಅಂದರು. ನಾಲ್ಕನೆಯವರು ಅರ್ಧ ಗಂಟೆ ಎಣಿಸಿ, "ಹಿಂತಲೆಯಿಂದ ಸಾವಿರಕ್ಕಿಂತ ಹೆಚ್ಚು ನಾನು ಮುಟ್ಟಲ್ಲ. ನಡುನೆತ್ತಿ ಬಿಟ್ಟುಬಿಡಿ. ಹೇರ್‌ಲೈನಿನ ದಪ್ಪ ಗ್ರಾಫ್ಟ್‌ಗಳನ್ನು ತೆಗೆದು, ಬಿಡಿಸಿ, ಮತ್ತೆ ನೆಡೋಣ. ಕಡಿಮೆ ಬಿದ್ದರೆ ಗಡ್ಡದ ಕೂದಲು ಸ್ವಲ್ಪ ಬಳಸೋಣ. ಮೊದಲು ಆರು ತಿಂಗಳು ಔಷಧಿ" ಅಂದರು. ಗೆಳೆಯ ಹೊರಗೆ ಬಂದು ಮಂಕಾಗಿ ಕೂತ. ನನಗೆ ಮಾತ್ರ ಸಮಾಧಾನ ಆಯ್ತು, ಯಾಕಂದ್ರೆ ಉಳಿತಾಯದ ಮಾತಾಡಿದ್ದು ಅವರೊಬ್ಬರೇ. ಗ್ರಾಫ್ಟಿಗೆ ಇಷ್ಟು ಅಂತ ಬಿಲ್ ಮಾಡುವ ವ್ಯವಸ್ಥೆಯಲ್ಲಿ ಕಡಿಮೆ ಕೀಳುವವರಿಗೆ ನಷ್ಟ. ನಷ್ಟ ಮಾಡಿಕೊಂಡೂ "ಬೇಡ" ಅನ್ನುವವರ ಮಾತಿಗೆ ತೂಕ ಜಾಸ್ತಿ.

ಸರ್ಜರಿ ಇಲ್ಲದ ದಾರಿಗಳೂ ಇವೆ. ತಪ್ಪು ಜಾಗದ ಕೂದಲನ್ನು ಲೇಸರ್‌ನಿಂದ ತೆಗೆಯಬಹುದು. ನೆತ್ತಿಗೆ ಚುಕ್ಕೆ ಚುಕ್ಕೆಯಾಗಿ ಬಣ್ಣ ಹಾಕಿಸಿ ಕಲೆ ಮರೆಮಾಡಬಹುದು. ಏನೂ ಮಾಡಿಸದೆ ತಲೆ ಸಣ್ಣಗೆ ಕತ್ತರಿಸಿಕೊಂಡು ಇದ್ದುಬಿಡುವುದೂ ಒಂದು ನಿರ್ಧಾರವೇ. ಫಿನಾಸ್ಟರೈಡ್‌ನಂಥ ಮಾತ್ರೆಯನ್ನು ಮಾತ್ರ ಅಡ್ಡಪರಿಣಾಮ ಕೇಳಿ ತಿಳಿದು, ಡಾಕ್ಟರ್ ಹೇಳಿದ ಮೇಲೇ ತಗೊಳ್ಳಿ.

ಹಳೇ ಕ್ಲಿನಿಕ್‌ನ ಫ್ರೀ ಆಫರ್

"ಇನ್ನೊಂದು ಸಿಟ್ಟಿಂಗ್ ಫ್ರೀಯಾಗಿ ಮಾಡಿಕೊಡ್ತೀವಿ" ಅಂತ ಹಳೇ ಕ್ಲಿನಿಕ್ ಕರೆಯುತ್ತೆ. ಇದು ಫ್ರೀ ಅಲ್ಲ, ಖರ್ಚಾಗುವುದು ನಿಮ್ಮ ಹಿಂತಲೆ. ಜೊತೆಗೆ ಕಾಲವೂ ಖರ್ಚಾಗುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಇರುವ ಅವಧಿ ಎರಡು ವರ್ಷ. ಒಂದು ವರ್ಷ ಫಲಕ್ಕೆ ಕಾದು, ಇನ್ನೊಂದು ವರ್ಷ "ನೋಡೋಣ ಸರ್" ಕೇಳಿದರೆ ಬಾಗಿಲು ಮುಚ್ಚಿರುತ್ತೆ.

ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿನಿಯಮವೇ ಇದೆ. ಒಪ್ಪಿಗೆ ಪತ್ರ, ಆಪರೇಶನ್ ಟಿಪ್ಪಣಿ, ಗ್ರಾಫ್ಟ್ ಎಣಿಕೆ, ಮೊದಲಿನ ಫೋಟೋಗಳು, ಎಲ್ಲ ಕೇಳಿ. ರಿಪೇರಿ ಮಾಡುವ ಸರ್ಜನ್‌ಗೂ ಇವು ಬೇಕು.

ಬಿಲ್ ಮರೆಯಬೇಡಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಆದರೆ ಹೇರ್ ಟ್ರಾನ್ಸ್‌ಪ್ಲಾಂಟನ್ನು ಆ ವಿನಾಯಿತಿಯಿಂದ ಹೊರಗಿಟ್ಟು 18% ತೆರಿಗೆ ಹಾಕಲಾಗಿದೆ. ಬಿಲ್ ಇಲ್ಲದೆ ಕ್ಯಾಶ್ ಕೇಳುವುದು ತೆರಿಗೆ ತಪ್ಪಿಸಲು ಮಾತ್ರವಲ್ಲ, ನಾಳೆ ನಿಮ್ಮ ಕೈಯಲ್ಲಿ ಸಾಕ್ಷಿ ಇರಬಾರದು ಅಂತಲೂ.

ಇಲ್ಲೇ ನನ್ನ ರಾಜಕೀಯ ತಕರಾರು ಇರುವುದು. ತೆರಿಗೆ ವಸೂಲಿಗೆ ಬಂದಾಗ ಇದು ಶೋಕಿ ಅಂತ ಸರ್ಕಾರಕ್ಕೆ ಖಚಿತವಾಗಿ ಗೊತ್ತಿದೆ. ಅರಿವಳಿಕೆ ಚುಚ್ಚಿ, ಸಾವಿರಾರು ಗಾಯ ಮಾಡುವ ಸರ್ಜರಿ ಇದು ಅನ್ನುವುದು ತಪಾಸಣೆಯ ಹೊತ್ತಿಗೆ ಮರೆತುಹೋಗುತ್ತೆ. ಮಾರ್ಗಸೂಚಿ ದೆಹಲಿಯಲ್ಲಿದೆ, ಜಾರಿ ಮಾಡಬೇಕಾದ ಅಧಿಕಾರ ಜಿಲ್ಲೆಯಲ್ಲಿದೆ. ಕೆಪಿಎಂಇ ದೂರುಗಳನ್ನು ನೋಡಬೇಕಾದ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಇಬ್ಬರೂ ಇದ್ದಾರೆ. ಅವರ ಮೇಜಿನ ಮೇಲೆ ದೂರೇ ಬೀಳದಿದ್ದರೆ ಸಮಸ್ಯೆಯೇ ಇಲ್ಲ ಅಂತ ಕಡತ ಹೇಳುತ್ತೆ. ಹೊಸ ಸರ್ಜನ್ ಹುಡುಕುವ ಜೊತೆಗೇ ಹಳೆಯವರ ಬಗ್ಗೆ ಒಂದು ಪುಟದ ದೂರು ಬರೆದು, ಸ್ವೀಕೃತಿ ಪಡೆಯಿರಿ. ಗೆಳೆಯ ಹೋದ ವಾರ ದಾಖಲೆ ಕೇಳಿ ಕ್ಲಿನಿಕ್‌ಗೆ ಸ್ಪೀಡ್ ಪೋಸ್ಟ್ ಹಾಕಿದ್ದಾನೆ. ಅವನ ಎರಡು ವರ್ಷ ಮುಗಿಯಲು ಇನ್ನು ಐದು ತಿಂಗಳಿದೆ.